ರಂಜಾನಿನ ಹಗಲೂಟ

ರಂಜಾನ್ ತಿಂಗಳಲ್ಲಿ, ಮಟಮಟ ಮಧ್ಯಾಹ್ನ, ರಾಮನಗರದ ಪೇಟೆಯಲ್ಲಿ ಬುರ್ಖಾ ಹಾಕಿಕೊಂಡ ಹೆಂಗಸೊಬ್ಬಳು ಯಾರ ಕಣ್ಣಿಗೂ ಬೀಳದೆ ಕೂತು ಊಟ ಮಾಡುವ ಜಾಗ ಹುಡುಕಬೇಕು ನೋಡಿ, ಆಗ ಗೊತ್ತಾಗುತ್ತದೆ ಕಷ್ಟ. ಗಂಡಸರಿಗೆ ಆ ಚಿಂತೆ ಇಲ್ಲ. ಬಿರಿಯಾನಿ ಹೋಟೆಲಿನವರು ಬಾಗಿಲಿಗೆ ಒಂದು ಬಟ್ಟೆ ಇಳಿಬಿಟ್ಟಿರುತ್ತಾರೆ, ಅದರ ಕೆಳಗೆ ಸಾಲಾಗಿ ಕಾಲುಗಳು ಕಾಣುತ್ತಿರುತ್ತವೆ. ಯಾವ ಚಪ್ಪಲಿ ಯಾರದೆಂದು ಊರಿಗೆಲ್ಲ ಗೊತ್ತು, ಯಾರೂ ಕೇಳುವುದಿಲ್ಲ. ಆ ಪರದೆಯ ಕೆಳಗೆ ಹೆಂಗಸಿನ ಕಾಲು ಕಂಡರೆ ಮಾತ್ರ, ಅವಳು ಮನೆ ಸೇರುವ ಮೊದಲೇ ಸುದ್ದಿ ಮನೆ ಸೇರಿರುತ್ತದೆ.

ನನ್ನ ಹೆಸರು ನಿಖಾತ್. ನಾನೇನು ದೇವರ ಭಯ ಇಲ್ಲದವಳಲ್ಲ, ಹಸಿವು ತಡೆಯಲಾರದವಳೂ ಅಲ್ಲ. ನನ್ನ ಹೊಟ್ಟೆಯಲ್ಲಿ ಮಗುವಿತ್ತು. ಅದು ಮೂರನೆಯದು, ಮೊದಲಿನ ಎರಡೂ ನಿಂತಿರಲಿಲ್ಲ. ಹಿಂದಿನ ವಾರ ಯಾರಿಗೂ ಹೇಳದೆ ಆಸ್ಪತ್ರೆಗೆ ಹೋಗಿದ್ದಾಗ ಡಾಕ್ಟರಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲವಲ್ಲಮ್ಮ ಎಂದು ಗದರಿದ್ದರು. ಈ ರೋಜಾ ಉಪವಾಸ ಇವತ್ತಿಗೇ ನಿಲ್ಲಿಸು, ಹೊತ್ತು ಹೊತ್ತಿಗೆ ಊಟ ಮಾಡು, ಇಲ್ಲದಿದ್ದರೆ ಇದೂ... ಎಂದವರು ಅಲ್ಲಿಗೇ ಮಾತು ನಿಲ್ಲಿಸಿದ್ದರು. ಆ ಅರ್ಧ ಮಾತು ನನ್ನ ತಲೆಯಲ್ಲಿ ರೇಷ್ಮೆ ರಾಟೆಯ ಹಾಗೆ ತಿರುಗುತ್ತಲೇ ಇತ್ತು.

ಮನೆಯಲ್ಲಿ ಹೇಳಿ ರಾಜಾರೋಷವಾಗಿ ಉಣ್ಣಬಹುದಿತ್ತಲ್ಲ ಎಂದು ನೀವು ಕೇಳಬಹುದು. ಧರ್ಮದಲ್ಲಿ ಬಸುರಿಗೆ ವಿನಾಯಿತಿ ಇದೆ, ಬಿಟ್ಟ ರೋಜಾವನ್ನು ಆಮೇಲೆ ತೀರಿಸಿಕೊಂಡರಾಯಿತು. ಆದರೆ ವಿನಾಯಿತಿ ತೆಗೆದುಕೊಂಡರೆ ಕಾರಣ ಹೇಳಬೇಕು, ಕಾರಣ ಹೇಳಿಯೇ ನಾನು ಎರಡು ಸಲ ಕೆಟ್ಟಿದ್ದೆ. ಎರಡನೆಯ ಸಲವಂತೂ ಅತ್ತೆ ಬೀದಿಗೆಲ್ಲ ಸಿಹಿ ಹಂಚಿದ್ದರು. ಸಿಹಿ ತಿಂದು ಹೋದ ಹೆಂಗಸರೇ ತಿಂಗಳು ತುಂಬುವುದರೊಳಗೆ ಬಂದು ನನ್ನ ಮಂಚದ ಸುತ್ತ ಕೂತು ಅಯ್ಯೋ ಪಾಪ ಅಂದರು. ಅತ್ತೆ ಆಮೇಲೆ ಎಷ್ಟೋ ದಿನ ನನ್ನೊಡನೆ ಮಾತೇ ಆಡಲಿಲ್ಲ. ತಪ್ಪು ನನ್ನದೇ ಎನ್ನುವ ಹಾಗೆ ಅಡುಗೆಮನೆಯಲ್ಲಿ ಬೆನ್ನು ಹಾಕಿಕೊಂಡು ನಿಂತಿರುತ್ತಿದ್ದರು. ಈ ಸಲ ಹೊಟ್ಟೆ ತಾನಾಗಿ ಕಾಣುವವರೆಗೆ ನರಪಿಳ್ಳೆಗೂ ಹೇಳಬಾರದೆಂದು ಆಗಲೇ ನಿರ್ಧರಿಸಿದ್ದೆ. ನನ್ನ ಗಂಡ ಆಫ್ತಾಬ್‌ಗೂ ಹೇಳಿರಲಿಲ್ಲ. ಆ ಮನುಷ್ಯನಿಗೆ ಹೇಳುವುದೂ ಒಂದೇ, ಮಸೀದಿಯ ಮೈಕಿನಲ್ಲಿ ಕೂಗಿಸುವುದೂ ಒಂದೇ.

ಹಾಗಾಗಿ ನಸುಕಿನಲ್ಲಿ ಎಲ್ಲರ ಜೊತೆ ಎದ್ದು ಸಹರಿ ಉಣ್ಣುತ್ತಿದ್ದೆ, ಹಗಲೆಲ್ಲ ರೋಜಾದವಳ ಹಾಗೆ ಇರುತ್ತಿದ್ದೆ, ಸಂಜೆ ಎಲ್ಲರ ಜೊತೆ ಖರ್ಜೂರ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಡಾಕ್ಟರಮ್ಮನ ಮಾತು ಕೇಳಿದ ಮೇಲೆ ಮಧ್ಯಾಹ್ನ ಬಚ್ಚಲಲ್ಲಿ ಕೂತು, ನಲ್ಲಿ ಬಿಟ್ಟುಕೊಂಡು, ಸದ್ದಾಗದಂತೆ ಬಿಸ್ಕತ್ತು ತಿನ್ನಲು ಶುರುಮಾಡಿದೆ. ಅದು ಹೊಟ್ಟೆಗೆ ಎಲ್ಲಿ ಸಾಕು? ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಅತ್ತೆಯ ವಿಷಯ ಒಂದಿಷ್ಟು ಹೇಳಬೇಕು. ವಜೀರಾ ಎಂದರೆ ನಮ್ಮ ಬೀದಿಯಲ್ಲಿ ರೋಜಾಕ್ಕೆ ಇನ್ನೊಂದು ಹೆಸರು. ಜ್ವರ ಬಂದು ಮಲಗಿದ್ದಾಗಲೂ ಒಂದು ಹನಿ ನೀರು ಮುಟ್ಟಿದವರಲ್ಲ. ಪರದೆಯ ಹಿಂದೆ ಚಹಾ ಕುಡಿಯುವ ಗಂಡಸರನ್ನು ಹೆಸರು ಹಿಡಿದು ಬೈಯುವ ಧೈರ್ಯ ಇದ್ದದ್ದು ಅವರೊಬ್ಬರಿಗೇ. ಪಕ್ಕದ ಮನೆಯ ಖತೀಜಾಳ ಮಗಳು ಪರೀಕ್ಷೆ ಎಂದು ಒಂದು ರೋಜಾ ಬಿಟ್ಟಾಗ ಹತ್ತು ಜನರ ಮುಂದೆ ಆ ಹುಡುಗಿಗೆ ಬುದ್ಧಿ ಹೇಳಿದ್ದರು. ಖತೀಜಾ ಅದನ್ನು ಇವತ್ತಿಗೂ ಮರೆತಿಲ್ಲ. ನಮ್ಮ ಮನೆಮಾತು ಉರ್ದು. ಅತ್ತೆ ಹುಟ್ಟಿದ್ದು ಮಾತ್ರ ಸಾತನೂರಿನ ಹತ್ತಿರದ ಹಳ್ಳಿ, ಅವರಪ್ಪ ಅಲ್ಲಿ ರೇಷ್ಮೆಗೂಡಿನ ವ್ಯಾಪಾರ ಮಾಡಿಕೊಂಡಿದ್ದವರು. ಅದಕ್ಕೇ ಸಿಟ್ಟು ಬಂದರೂ ದುಃಖ ಬಂದರೂ ಉರ್ದು ಬಿಟ್ಟು ಹಳ್ಳಿ ಕನ್ನಡಕ್ಕೆ ಇಳಿದುಬಿಡುತ್ತಾರೆ.

ಹಬ್ಬಕ್ಕೆ ನಾಲ್ಕೈದು ದಿನ ಉಳಿದಿತ್ತು. ಹಬ್ಬದ ಬಟ್ಟೆಬರೆ ತರಲು ಪ್ರತಿವರ್ಷ ಅತ್ತೆಯೇ ಮುಂದೆ, ನಾನು ಚೀಲ ಹಿಡಿದು ಹಿಂದೆ. ಈ ವರ್ಷ ಯಾಕೋ, ಮೊಣಕಾಲು ನೋಯುತ್ತಿದೆ, ನೀನೊಬ್ಬಳೇ ಹೋಗಿಬಾ, ಅವಸರ ಮಾಡಬೇಡ ಎಂದರು. ನನಗೆ ಒಳಗೊಳಗೇ ಜೀವ ಬಂತು. ಇವತ್ತೊಂದು ದಿನ ಹೊಟ್ಟೆ ತುಂಬ, ಕುರ್ಚಿಯ ಮೇಲೆ ಕೂತು, ಬಿಸಿಬಿಸಿಯಾಗಿ ಉಣ್ಣಬಹುದು ಎಂದುಕೊಂಡು ಹೊರಟೆ.

ಎಂ.ಜಿ. ರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಫ್ತಾಬ್‌ಗೆ ಕುರ್ತಾ ಬಟ್ಟೆ ಹರಿಸುತ್ತಿದ್ದಾಗಲೇ ಕಣ್ಣು ಕತ್ತಲೆ ಬಂತು. ಅಂಗಡಿಯವನು ಮೀಟರ್ ಕಡ್ಡಿ ಹಿಡಿದುಕೊಂಡು ಏನೋ ಕೇಳುತ್ತಿದ್ದ, ನನಗೆ ಅವನ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ಗಲ್ಲಾ ಹಿಡಿದು ನಿಂತುಕೊಂಡೆ. ಹೋದ ಸಲವೂ ಹೀಗೇ ಶುರುವಾಗಿತ್ತು. ಹೆದರಿಕೆ ಎಂದರೆ ಹೆದರಿಕೆ, ಅದಕ್ಕೆ ಬೇರೆ ಹೆಸರಿಲ್ಲ.

ಹೊರಗೆ ಬಂದು ಹುಡುಕಲು ಶುರುಮಾಡಿದೆ. ದರ್ಶಿನಿಯಲ್ಲಿ ರಸ್ತೆಗೆ ಮುಖ ಮಾಡಿ ನಿಂತೇ ತಿನ್ನಬೇಕು. ಬೇಕರಿಯಲ್ಲಿ ಹಬ್ಬದ ಬಿಸ್ಕತ್ತಿಗೆ ನಮ್ಮವರದೇ ಸಾಲು. ಬಸ್ ಸ್ಟ್ಯಾಂಡಿನ ಕ್ಯಾಂಟೀನಿನ ಬಾಗಿಲವರೆಗೂ ಹೋದೆ, ಒಳಗೆ ಆಫ್ತಾಬ್ ಕೆಲಸ ಮಾಡುವ ರೇಷ್ಮೆ ರೀಲಿಂಗ್ ಘಟಕದ ಅಸ್ಗರ್ ಭಾಯಿ ಕೂತು ಉಣ್ಣುತ್ತಿದ್ದರು. ನನ್ನನ್ನು ಕಂಡಿದ್ದರೆ ಅವರಿಗೂ ಕಷ್ಟ, ನನಗೂ ಕಷ್ಟ, ಬಂದ ಕಾಲಲ್ಲೇ ತಿರುಗಿದೆ. ಚನ್ನಪಟ್ಟಣದ ಬಸ್ಸು ಹತ್ತಿಬಿಡೋಣ ಎನ್ನಿಸಿತು. ಆದರೆ ಅಲ್ಲಿ ನನ್ನ ತವರು, ಬೊಂಬೆ ಅಂಗಡಿಗಳವರೆಲ್ಲ ಅಪ್ಪನ ಗುರುತಿನವರು. ಬುರ್ಖಾ ತೆಗೆದು ಚೀಲಕ್ಕೆ ತುರುಕಿಕೊಂಡರೆ ಹೇಗೆ ಎಂದೂ ಯೋಚಿಸಿದೆ. ತೆಗೆದರೆ ಮುಖ ಗುರುತು ಸಿಗುತ್ತದೆ, ಹಾಕಿಕೊಂಡರೆ ಜಾತಿ ಗುರುತು ಸಿಗುತ್ತದೆ. ಒಂದು ತುತ್ತು ಅನ್ನಕ್ಕೆ ಎಷ್ಟು ಯೋಚನೆ ನೋಡಿ. ನನಗೆ ಎಲ್ಲದರಿಂದ ರೋಸಿಹೋಯಿತು.

ಕೊನೆಗೆ ಹಿಟ್ಟಿನ ಗಿರಣಿಯ ಪಕ್ಕದ ಓಣಿಯಲ್ಲಿ ಒಂದು ಊಟದ ಹೋಟೆಲು ಸಿಕ್ಕಿತು. ಹಳ್ಳಿಗಳಿಂದ ಬಂದ ರೈತರು ಉಂಡುಹೋಗುವ ಜಾಗ, ಸಸ್ಯಾಹಾರಿ, ನಮ್ಮವರು ಆ ಕಡೆ ಬರುವುದು ಕಡಿಮೆ. ಯಜಮಾನ ಕೃಷ್ಣಪ್ಪ ಬಾಗಿಲಲ್ಲೇ ಕೂತಿದ್ದರು. ನನ್ನನ್ನು ನೋಡಿದವರೇ ಪಾರ್ಸಲ್ ಕವರಿಗೆ ಕೈಹಾಕಿದರು. ಅಲ್ಲ ಅಣ್ಣಾ, ಇಲ್ಲೇ ಉಣ್ತೀನಿ ಎಂದೆ. ಅವರು ನನ್ನನ್ನೊಮ್ಮೆ, ಗೋಡೆಯ ಕ್ಯಾಲೆಂಡರನ್ನೊಮ್ಮೆ ನೋಡಿದರು. ಕೇಳಿಯೇ ಬಿಡುತ್ತಾರೆ ಎಂದುಕೊಂಡೆ. ಕೇಳಲಿಲ್ಲ. ಕಂಬದ ಹಿಂದೆ ಫ್ಯಾನ್ ಐತೆ, ಅಲ್ಲಿ ಕೂತ್ಕೊಳಮ್ಮ ಎಂದರು.

ಕೂತೆ. ಕುರ್ಚಿಗೆ ಬೆನ್ನಿತ್ತು, ತಲೆಯ ಮೇಲೆ ಗಾಳಿಯಿತ್ತು. ಬಿಸಿ ಮುದ್ದೆ, ಸೊಪ್ಪಿನ ಸಾರು, ಒಂದು ಲೋಟ ಮಜ್ಜಿಗೆ ಬಂತು. ಮುಖದ ಪರದೆ ಎತ್ತಿ ಮೊದಲ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಿದೆ. ಅದು ಗಂಟಲಲ್ಲಿ ಇಳಿಯುವಾಗ ಕಣ್ಣಲ್ಲಿ ನೀರೇ ಬಂತು. ಎರಡನೆಯ ತುತ್ತು, ಮೂರನೆಯ ತುತ್ತು. ಕೈಕಾಲಿಗೆ ಒಸಿ ಬಲ ಬಂದ ಹಾಗಾಯಿತು.

ಆಗ ಕಂಬದ ಸಂದಿಯಿಂದ ಹೊರಗೆ ನೋಡಿದೆ. ಓಣಿಯ ಎದುರಿಗೆ ಬಳೆ ಅಂಗಡಿಯ ಕಟ್ಟೆಯ ಮೇಲೆ ಖತೀಜಾ ನಿಂತಿದ್ದಳು. ಅವಳ ಕೈ ಬಳೆಗಾರನ ಕೈಯಲ್ಲಿತ್ತು, ಕಣ್ಣು ಹೋಟೆಲಿನ ಒಳಗಿತ್ತು. ನನ್ನ ಕಾಲ ಬಳಿಯ ಹಬ್ಬದ ಚೀಲಗಳನ್ನೋ, ಬುರ್ಖಾದ ಅಂಚನ್ನೋ ಕಂಡಿರಬೇಕು. ಕತ್ತು ಉದ್ದ ಮಾಡಿ ನೋಡಿದಳು, ಬಳೆ ಬಿಟ್ಟು ಕಟ್ಟೆ ಇಳಿದಳು.

ಪರದೆ ಇಳಿಬಿಟ್ಟೆ. ಏಳೋಣವೆಂದರೆ ಹೋಟೆಲಿಗೆ ಇದ್ದದ್ದು ಒಂದೇ ಬಾಗಿಲು. ತಟ್ಟೆ ಮೇಜಿನ ಮೇಲೆ, ಬಲಗೈಗೆಲ್ಲ ಸಾರು. ಇವಳು ಒಳಗೆ ಬಂದರೆ ಸಂಜೆಯೊಳಗೆ ಬೀದಿಯ ಬಾಯಿಗೆ ನಾನು ಬೀಳುತ್ತೇನೆ, ಯಾಕೆ ತಿಂದಳು ಎಂಬ ಪ್ರಶ್ನೆ ಹುಟ್ಟುತ್ತದೆ, ಆ ಪ್ರಶ್ನೆಗೆ ನನ್ನ ಹತ್ತಿರ ಇದ್ದ ಉತ್ತರ ಒಂದೇ. ಆಮೇಲೆ ಮತ್ತೆ ಎಲ್ಲರ ಕಣ್ಣು ನನ್ನ ಹೊಟ್ಟೆಯ ಮೇಲೆ. ಯಾ ಅಲ್ಲಾ, ಇದೊಂದನ್ನು ಉಳಿಸು ಎಂದುಕೊಂಡೆ.

ಅಷ್ಟರಲ್ಲಿ ಖತೀಜಾಳಿಗಿಂತ ಮೊದಲು ಇನ್ನೊಂದು ಬುರ್ಖಾ ಬಾಗಿಲಲ್ಲಿ ನುಗ್ಗಿತು. ಒಂದು ಕಾಲು ಎಳೆಯುತ್ತಾ ಸೀದಾ ನನ್ನ ಮೇಜಿಗೆ ಬಂದು ಎದುರಿಗೆ ಧೊಪ್ಪೆಂದು ಕೂತಿತು. ಪರದೆ ಎತ್ತಿದ ಮೇಲೆ ನೋಡಿದರೆ ಅತ್ತೆ. ತುಟಿ ಒಣಗಿ ಬಿರಿದಿತ್ತು, ಮುಖದಿಂದ ಬೆವರು ಇಳಿಯುತ್ತಿತ್ತು. ನನ್ನ ಮೈಯಲ್ಲಿದ್ದ ಅಷ್ಟಿಷ್ಟು ರಕ್ತವೂ ನಿಂತುಹೋಯಿತು. ಬೈಯುತ್ತಾರೆ ಎಂದು ಕಾದೆ. ಅವರು ಬೈಯಲಿಲ್ಲ. ಕೈಚಾಚಿ ನನ್ನ ತಟ್ಟೆಯನ್ನು ತಮ್ಮ ಮುಂದಕ್ಕೆ ಎಳೆದುಕೊಂಡರು, ಮುದ್ದೆ ಮುರಿದು ಸಾರಿಗೆ ಅದ್ದಿ, ತುತ್ತನ್ನು ಕೈಯಲ್ಲಿ ಹಿಡಿದು ಕೂತರು.

ಖತೀಜಾ ಕಂಬ ದಾಟಿ ಬಂದಳು. ಅವಳ ಕಣ್ಣು ತಟ್ಟೆಯ ಮೇಲೆ, ಅತ್ತೆಯ ಬೆರಳುಗಳ ಮೇಲೆ, ಪರದೆ ಇಳಿಸಿಕೊಂಡು ಸುಮ್ಮನೆ ಕೂತಿದ್ದ ನನ್ನ ಮೇಲೆ ಒಂದು ಸುತ್ತು ಬಂತು. ನಾನು ಸಾರಿನ ಕೈಯನ್ನು ಬುರ್ಖಾದ ನೆರಿಗೆಯಲ್ಲಿ ಮುಚ್ಚಿಟ್ಟುಕೊಂಡಿದ್ದೆ.

"ವಜೀರಾ ಆಪಾ, ನೀವು? ರೋಜಾ ಹೊತ್ತಲ್ಲಿ?" ಎಂದಳು.

"ಕಣ್ಣಿಗೆ ಕಾಣ್ತಾ ಐತಲ್ಲ" ಎಂದರು ಅತ್ತೆ.

ಖತೀಜಾಳ ಮುಖದಲ್ಲಿ ಒಂದು ಬೆಳಕು ಬಂತು ನೋಡಿ, ಅವಳಿಗೆ ಹಬ್ಬ ಅಲ್ಲೇ ಆಯಿತು. ಪಾಪ, ಸೊಸೆ ಉಪವಾಸ ಕೂತಿದ್ದಾಳೆ, ಅವಳ ಕಣ್ಣೆದುರೇ ಅತ್ತೆಯ ಊಟ ಎಂದಳು. ಪರೀಕ್ಷೆ ಬರೆಯುವ ಮಕ್ಕಳಿಗೆ ಬುದ್ಧಿ ಹೇಳುವವರು ಎಂದೂ ಸೇರಿಸಿದಳು. ನನಗೆ ತಡೆಯಲಾಗಲಿಲ್ಲ, ಬಾಯಿ ತೆರೆದೆ. ಮೇಜಿನ ಕೆಳಗೆ ಅತ್ತೆ ನನ್ನ ಕಾಲನ್ನು ಬಲವಾಗಿ ತುಳಿದರು. ಖತೀಜಾ ಹೋಗಲಿಲ್ಲ. ತುತ್ತು ಬಾಯಿಗೆ ಹೋಗುವುದನ್ನು ಕಣ್ಣಾರೆ ನೋಡಿಯೇ ಹೋಗುವವಳ ಹಾಗೆ ನಿಂತಳು. ತುತ್ತಿನಿಂದ ಸಾರು ತೊಟ್ಟಿಕ್ಕುತ್ತಿತ್ತು. ಅತ್ತೆಯ ಕೈ ಮೇಲೇಳಲಿಲ್ಲ, ಕೆಳಗೂ ಇಳಿಯಲಿಲ್ಲ. ಜೀವಮಾನದಲ್ಲಿ ಒಂದು ರೋಜಾ ಮುರಿಯದ ಹೆಂಗಸು ನನಗಾಗಿ ಈಗ ಮುರಿದುಬಿಡುತ್ತಾರೇನೋ ಎಂದು ಹೆದರಿದೆ.

ಅಷ್ಟರಲ್ಲಿ ಕೃಷ್ಣಪ್ಪ ಗಲ್ಲಾದಿಂದಲೇ, ನಿಮ್ಗೇನ್ ಹಾಕ್ಲಿ ತಾಯಿ, ಮುದ್ದೆನಾ ಅನ್ನಾನಾ ಎಂದು ಓಣಿಗೆಲ್ಲ ಕೇಳುವ ಹಾಗೆ ಖತೀಜಾಳನ್ನು ಕೇಳಿದರು. ಅವಳು ಬೆಂಕಿ ತುಳಿದವಳಂತೆ ಹಿಂದೆ ಸರಿದಳು. ತೋಬಾ ತೋಬಾ, ನಾನು ರೋಜಾ ಎನ್ನುತ್ತಾ ಹೊರಗೆ ಹೋದಳು. ಬಳೆ ಅಂಗಡಿಯನ್ನೂ ಮರೆತು ನೇರವಾಗಿ ನಮ್ಮ ಬೀದಿಯ ಕಡೆಗೇ ಹೋದಳು.

ಅತ್ತೆ ಕೈಯಲ್ಲಿದ್ದ ತುತ್ತನ್ನು, ನನ್ನ ಪರದೆ ಎತ್ತಿ, ನನ್ನ ಬಾಯಿಗೆ ಇಟ್ಟರು.

"ನುಂಗು. ಆರೋಗ್ತದೆ" ಎಂದರು.

ನುಂಗಿದೆ. ನಿಮಗೆ ಹೇಗೆ ಗೊತ್ತಾಯಿತು ಅಮ್ಮೀ ಎಂದು ಕೇಳಿದೆ.

"ಮುಚ್ಚಿಡೋಕೆ ಹೋಗಿ ನೀನೇ ಸಾರ್ಬುಟ್ಟೆ ಕಣವ್ವ. ಚಂದ್ರ ಕಂಡಾಗಿಂದ ಒಂದು ರೋಜಾನೂ ಬುಟ್ಟಿಲ್ಲ ನೀನು. ನಿನ್ನ ವಯಸ್ಸಿನ ಹೆಂಗ್ಸು ತಿಂಗ್ಳು ಪೂರ್ತಿ ಬುಡ್ದಂಗೆ ರೋಜಾ ಇಟ್ಟವ್ಳೆ ಅಂದ್ರೆ ನಂಗೆ ತಿಳಿಯಾಕಿಲ್ವಾ?"

ನಾನು ಬೆಪ್ಪಾಗಿ ಕೂತೆ. ಮುಟ್ಟಿನ ದಿನಗಳಲ್ಲಿ ನಮ್ಮ ಹೆಂಗಸರು ರೋಜಾ ಇಡುವಂತಿಲ್ಲ, ನಮಾಜೂ ಇಲ್ಲ. ತಿಂಗಳಲ್ಲಿ ಅಷ್ಟು ದಿನ ಪ್ರತಿ ಮನೆಯಲ್ಲೂ ಪ್ರತಿ ಹೆಂಗಸೂ ಬಿಡಲೇಬೇಕು, ಬಿಟ್ಟದ್ದನ್ನು ಮನೆಯ ಉಳಿದ ಹೆಂಗಸರು ನೋಡಿಯೂ ನೋಡದ ಹಾಗಿರುತ್ತಾರೆ. ಬಸುರಿ ಎಂದು ಗೊತ್ತಾಗಬಾರದೆಂದು ನಾನು ಒಂದೂ ಬಿಡದವಳ ಹಾಗೆ ತೋರಿಸಿಕೊಂಡಿದ್ದೆ. ಸುಳ್ಳು ಹೇಳುವವಳಿಗೆ ಅಷ್ಟೂ ತಿಳಿಯಬೇಡವೇ?

ಅತ್ತೆ ತಲೆ ತಗ್ಗಿಸಿಕೊಂಡು ಮೆಲ್ಲಗೆ ಹೇಳಿದರು. ನಾನು ಹೇಳುತ್ತೇನೆಂದು ಅವರು ಕಾದರಂತೆ, ಬಚ್ಚಲಲ್ಲಿ ನಲ್ಲಿ ಸದ್ದು ಕೇಳಿದಾಗಲೆಲ್ಲ ಹೊರಗೆ ನಿಂತು ಇಷ್ಟೇ ತಿಂದರೆ ಹೇಗೆ ಎಂದು ಸಂಕಟಪಟ್ಟರಂತೆ. ಕೇಳಿದರೆ ಎಲ್ಲಿ ಮತ್ತೆ ದೃಷ್ಟಿಯಾಗುತ್ತದೋ ಎಂದು ಬಾಯಿ ಬಿಡಲಿಲ್ಲ, ಮಗನಿಗೂ ಹೇಳಲಿಲ್ಲ. ಮೊಣಕಾಲಿನ ನೆಪ ಹೇಳಿ ನನ್ನನ್ನು ಪೇಟೆಗೆ ಕಳಿಸಿದ್ದು ಎಲ್ಲಾದರೂ ಹೊಟ್ಟೆ ತುಂಬ ಉಣ್ಣಲಿ ಎಂದು. ಆಮೇಲೆ ಮನಸ್ಸು ತಡೆಯದೆ, ನಾನು ಬಿದ್ದುಗಿದ್ದರೆ ಎಂದು, ಅದೇ ನೋಯುವ ಕಾಲಲ್ಲಿ ಅಂಗಡಿಯಿಂದ ಅಂಗಡಿಗೆ ನನ್ನ ಹಿಂದೆ ಅಲೆದಿದ್ದರು. ಖತೀಜಾ ಕತ್ತು ಚಾಚಿದ್ದನ್ನು ಓಣಿಯ ತುದಿಯಿಂದ ನೋಡಿ ಓಡಿ ಬಂದಿದ್ದರು.

"ಹೋದ್ಸಲ ಬೀದಿಗೆಲ್ಲ ಸಿಹಿ ಹಂಚ್ದೋಳು ನಾನು. ಅದು ಹೋದ್ಮೇಲೆ ನಿನ್ನ ಮಕ ಹೆಂಗ್ ನೋಡ್ಲಿ ಅಂತ ಬೆನ್ನು ತಿರುಗಿಸ್ಕೊಂಡಿದ್ದೆ" ಎಂದರು.

ನಾನು ಇಷ್ಟು ದಿನ ಆ ಬೆನ್ನನ್ನು ಬೈದುಕೊಂಡಿದ್ದೆ. ಖತೀಜಾ ಇಷ್ಟು ಹೊತ್ತಿಗೆ ಮನೆ ಮನೆಗೂ ಹೇಳಿರುತ್ತಾಳೆ, ನಾಳೆಯಿಂದ ನೀವು ಬೀದಿಯಲ್ಲಿ ತಲೆಯೆತ್ತುವುದು ಹೇಗೆ ಅಮ್ಮೀ, ನಾನೇ ಹೋಗಿ ನಿಜ ಹೇಳಿಬಿಡುತ್ತೇನೆ ಎಂದೆ.

ಅತ್ತೆ ಸಾರಿನ ಕೈಯನ್ನು ತಟ್ಟೆಯ ಅಂಚಿಗೆ ಒರೆಸಿ, ತಟ್ಟೆಯನ್ನು ನನ್ನ ಮುಂದಕ್ಕೆ ತಳ್ಳಿದರು. ಬುರ್ಖಾವನ್ನು ಎರಡೂ ಕಡೆ ಹರಡಿಕೊಂಡು, ಬಾಗಿಲಿನಿಂದ ನಾನು ಕಾಣದ ಹಾಗೆ ಅಡ್ಡವಾಗಿ ಕೂತರು.

"ನಾನು ತಿಂದ್ನೋ ಬುಟ್ನೋ ಮೇಲಿರೋನಿಗೆ ಗೊತ್ತು. ಖತೀಜಂಗೆ ಯಾಕೆ ಗೊತ್ತಾಗ್ಬೇಕು? ಬೀದಿಯೋರು ಈ ಸಲ ನನ್ನ ಬಾಯಿ ನೋಡ್ಕಂಡಿರ್ಲಿ, ನಿನ್ನ ಹೊಟ್ಟೆ ನೋಡಾದು ಬ್ಯಾಡ" ಎಂದರು.

ಕೃಷ್ಣಪ್ಪ ಒಂದು ಲೋಟ ನೀರು ತಂದು ಅತ್ತೆಯ ಮುಂದಿಟ್ಟರು. ಅವರು ಒಣಗಿದ ತುಟಿ ಸವರಿಕೊಂಡು, ಆ ಲೋಟವನ್ನೂ ನನ್ನ ಕಡೆಗೇ ಸರಿಸಿದರು. ನಾನು ಅಳುತ್ತಲೇ ಇನ್ನೊಂದು ಮುದ್ದೆ ಹಾಕಿಸಿಕೊಂಡೆ.