ಎರಡು ಗೇಣಿನ ಬಸವ

ಗೋವಿಂದಮ್ಮಾಳ ಎಡಮೊಣಕಾಲು ಕಂಬಂ ಕಣಿವೆಗೆಲ್ಲ ಹೆಸರುವಾಸಿಯಾಗಿತ್ತು. ಅದು ಮಡಿಚುವಾಗ ಬರುತ್ತಿದ್ದ ಲಟಕ್ ಸದ್ದಿಗೆ ಮೂರು ತೋಟದಾಚೆಯ ದ್ರಾಕ್ಷಿ ಚಪ್ಪರದಲ್ಲಿದ್ದ ಗಿಳಿಗಳೆಲ್ಲ ಎದ್ದು ಬೆಟ್ಟ ಹತ್ತಿ ಕೇರಳ ಸೇರುತ್ತಿದ್ದವು. ತೇನಿಯ ಡಾಕ್ಟರಿಗೂ ಬಗ್ಗದ, ಹದಿನೆಂಟು ಬಗೆಯ ಎಣ್ಣೆ ಕುಡಿದು ತೇಗಿದ ಆ ಮೊಣಕಾಲು ಕಡೆಗೆ ಬಗ್ಗಿದ್ದು ಒಂದು ಹರಕೆಗೆ.

ಅವಳ ಊರಿನ, ಮನೆಯಲ್ಲಿ ಕನ್ನಡವಾಡುವ ಒಕ್ಕಲಿಗರಿಗೆ ದೇವರ ದನಗಳ ತೊಳು, ಅಂದರೆ ದೊಡ್ಡಿ, ಒಂದಿದೆ. ದನಗಳ ಹಬ್ಬವಾದ ಮಾಟುಪೊಂಗಲಿನ ದಿನ ರಾಗಿಹಿಟ್ಟು, ಬೆಲ್ಲ ಕಾಯಿಸಿ ಮರದ ಅಚ್ಚಿಗೆ ಒತ್ತಿದ ಬಸವ ಮನೆಮನೆಯಿಂದ ಅಲ್ಲಿಗೆ ಹೋಗಬೇಕು. ಹರಕೆ ಹೊತ್ತವಳೇ ಬಸವನನ್ನೂ ತಲೆಯ ಮೇಲೆ ಹೊರಬೇಕು. ಹೊಸ್ತಿಲು ದಾಟಿದ ಮೇಲೆ ತೊಳು ಸೇರುವ ತನಕ ನೆಲಕ್ಕಿಳಿಸುವಂತಿಲ್ಲ, ಇನ್ನೊಬ್ಬರ ತಲೆಗೆ ದಾಟಿಸುವಂತಿಲ್ಲ. ಇಳಿಸಿದರೆ ಹರಕೆ ಮುರಿಯಿತು. ಕೊಟ್ಟ ವರವನ್ನು ದೇವರು ಬಡ್ಡಿಸಮೇತ ಕಿತ್ತುಕೊಳ್ಳುತ್ತಾನೆ.

ಹೋದ ವರ್ಷ ಗೋವಿಂದಮ್ಮಾಳ್ ಒಂದು ಗೇಣಿನ, ನಾಲ್ಕು ಕಿಲೋ ತೂಕದ ಬಸವನನ್ನು ಕುಂಟುತ್ತಲೇ ಹೊತ್ತು ತಂದಳು. ದೇವರ ಮುಂದೆ ಅದನ್ನು ಗೇಣು ಹಾಕಿ ಅಳೆದು, ಕೊಡೈಕಾನಲ್ಲಿನ ಮೋಡಗಳು ಎರಡು ಹೆಜ್ಜೆ ಹಿಂದೆ ಸರಿಯುವಂಥ ದನಿಯಲ್ಲಿ ಹರಕೆ ಹೊತ್ತಳು.

"ಸಾಮೀ, ಈ ಕಾಲು ನೆಟ್ಟಗಾದ್ರೆ ಬರೋ ವರ್ಸ ಎರಡು ಗೇಣಿನ ಬಸವನ್ನ ಹೊತ್ಕಂಡು ಬತ್ತೀನಿ. ಎತ್ರ, ಉದ್ದ, ಅಗಲ, ಕೊಂಬು, ಬಾಲ, ಎಲ್ಲಾನೂವೆ ಇದರ ಎರಡು ಪಾಲು."

ಆಡಿ, ಅಂದರೆ ಆಷಾಢ, ತಿಂಗಳಿಗೆಲ್ಲ ಕಾಲು ನೆಟ್ಟಗಾಯಿತು. ಗಿಳಿಗಳು ಕೇರಳದಿಂದ ವಾಪಸು ಬಂದವು. ಹೀಗೆ, ಹರಕೆ ತೀರಿಸುವ ಕಾಲ ಬಂತು.

ಹೊಸ ಅಚ್ಚನ್ನು ದಿಂಡುಗಲ್ಲಿನ ಸೇಕರ್ ಆಚಾರಿ ಕೆತ್ತಿದ. ಹಳೆಯ ಅಚ್ಚಿನ ಮೂಗಿನ ಹೊಳ್ಳೆಯಿಂದ ಬಾಲದ ಕುಚ್ಚಿನ ತನಕ ಒಂದೊಂದನ್ನೂ ಅಳೆದು, ಒಂದೊಂದನ್ನೂ ಎರಡರಿಂದ ಗುಣಿಸಿ, ಬೇವಿನ ಮರದಲ್ಲಿ ಎರಡು ಹೋಳಾಗಿ ಕಡೆದಿದ್ದ. ಬಸ್ಸಿನಲ್ಲಿ ತರುವಾಗ ಕಂಡಕ್ಟರು ಅದಕ್ಕೂ ಒಂದು ಟಿಕೆಟ್ ಹರಿದನಂತೆ. ಪಕ್ಕದ ಸೀಟಿನ ಮುದುಕಿ ಅದಕ್ಕೆ ಬಾಳೆಹಣ್ಣು ಕೊಡಲು ಹೋದಳಂತೆ.

ಮೊದಲ ಎಡವಟ್ಟು ಬಟ್ಟೆಯದು. ಹೋದ ವರ್ಷದ ಬಸವನಿಗೆ ಹೊದಿಸಿದ್ದು ಒಂದು ಮೊಳದ ತುಂಡು. ಈ ಸಲ ಚಿನ್ನಾಳಪಟ್ಟಿಯಿಂದ ಅದೇ ಅಗಲದ್ದು ಎರಡು ಮೊಳ ತರಿಸಿದ್ದಳು. ಅಚ್ಚಿನ ಮೇಲೆ ಹರಡಿ ನೋಡಿದರೆ ಅರ್ಧ ಮೈ ಬರಿಮೈ. ಗೋವಿಂದಮ್ಮಾಳ್ ನೇಕಾರನಿಗೆ ಫೋನ್ ಮಾಡಿ, ಬಟ್ಟೆ ದಾರಿಯಲ್ಲೇ ಕುಗ್ಗಿದೆಯೆಂದು ಅರ್ಧ ಗಂಟೆ ಬೈದಳು. ಆತ ಬಟ್ಟೆ ಇನ್ನೂ ನೀರನ್ನೇ ಕಂಡಿಲ್ಲ ಎಂದ. ಹಾಗಾದರೆ ನೀರು ಕಾಣದೆಯೇ ಕುಗ್ಗುವ ಬಟ್ಟೆ ಇದು ಎಂದು ಇನ್ನರ್ಧ ಗಂಟೆ ಬೈದಳು.

ಮಾರನೆಯ ದಿನ ಪಾಕ. ಹೋದ ವರ್ಷ ಎರಡು ಕಿಲೋ ರಾಗಿಹಿಟ್ಟು, ಎರಡು ಕಿಲೋ ಬೆಲ್ಲ. ಈ ವರ್ಷ ನಾಲ್ಕು, ನಾಲ್ಕು. ಎಂಟು ಕಿಲೋ ಪಾಕವನ್ನು ಅಚ್ಚಿಗೆ ಒತ್ತಿದರು. ಅಚ್ಚಿನ ಒಂದು ಹೋಳಿನ ಅರ್ಧವೂ ಸರಿಯಾಗಿ ತುಂಬಲಿಲ್ಲ. ಗೋವಿಂದಮ್ಮಾಳ್ ಒಲೆ ನೋಡಿದಳು, ಬಾಣಲೆ ನೋಡಿದಳು, ಅಟ್ಟದ ಮೇಲಿದ್ದ ಬೆಕ್ಕಿನ ಹೊಟ್ಟೆ ಮುಟ್ಟಿ ನೋಡಿದಳು. ಕಡೆಗೆ ಸೊಸೆ ಪಾಂಡೀಶ್ವರಿಯ ಬಾಯಿಯನ್ನೂ ತೆರೆಸಿ ನೋಡಿದಳು.

"ಅತ್ತೇ, ಎಂಟು ಕಿಲೋ ಪಾಕ ನುಂಗಿ ನಾನು ಹಿಂಗೆ ನಿಂತಿರ್ತೀನಾ?" ಎಂದಳು ಪಾಂಡೀಶ್ವರಿ.

ಇನ್ನೂ ಎಂಟು ಕಿಲೋ ಕಾಯಿಸಿದರು. ಒಂದು ಹೋಳು ತುಂಬಿತು. ಇನ್ನೊಂದು ಹೋಳು ಹಸಿದ ಬಾವಿಯ ಹಾಗೆ ಬಾಯಿ ತೆರೆದೇ ಇತ್ತು. ಓಣಿಯೆಲ್ಲ ಸುದ್ದಿ ಹಬ್ಬಿತು: ಗೋವಿಂದಮ್ಮಾಳ ಬಸವ ಹುಟ್ಟುವ ಮೊದಲೇ ಮೇಯುತ್ತಿದೆ. ಎದುರುಮನೆಯ ನಾದಿನಿ ಮುತ್ತುಮಾರಿ ಬಂದು, ಅಚ್ಚಿಗೆ ದೃಷ್ಟಿ ತಗುಲಿದೆಯೆಂದು ಮೆಣಸಿನಕಾಯಿ ಸುಟ್ಟಳು. ಮಧುರೆಯ ತನಕ ಜನ ಸೀನಿದರು. ಅಚ್ಚು ಮಾತ್ರ ತುಂಬಲಿಲ್ಲ.

ಸೇಕರನನ್ನು ಕರೆಸಿ, ಎರಡು ಪಾಲು ಕೆತ್ತು ಅಂದರೆ ಯಾವ ಪಾಲು ಕೆತ್ತಿದ್ದೀಯ ಎಂದು ಗೋವಿಂದಮ್ಮಾಳ್ ದಬಾಯಿಸಿದಳು. ಆತ ತಮಿಳಿನಲ್ಲಿ ಆಣೆ ಇಟ್ಟ. ಆಮೇಲೆ ಹೊಸ ಅಚ್ಚಿನಲ್ಲಿದ್ದ ಪಾಕವನ್ನೆಲ್ಲ ತೆಗೆಸಿ, ಹಳೆಯ ಅಚ್ಚಿನ ತುಂಬ ಜೋಳ ತುಂಬಿ, ಅದನ್ನು ಹೊಸ ಅಚ್ಚಿಗೆ ಸುರಿದ. ಎರಡು ಸಲ ಸುರಿದ. ನಾಲ್ಕು ಸಲ ಸುರಿದ. ಎಂಟನೆಯ ಸಲಕ್ಕೆ ಎರಡೂ ಹೋಳು ಅಂಚಿಗೆ ಸಮನಾಗಿ ತುಂಬಿದವು. ಗೋವಿಂದಮ್ಮಾಳ್ ಬೆರಳು ಮಡಿಚಿ ಎಣಿಸಿದ್ದಳು. ಬೆರಳೇ ತಪ್ಪಿರಬೇಕೆಂದು ಮತ್ತೊಮ್ಮೆ ಸುರಿಸಿದಳು. ಮತ್ತೂ ಎಂಟು.

ಸೇಕರ್ ಬೆಲ್ಲದ ಉಂಡೆಗಳನ್ನು ಚೌಕ ಚೌಕ ಕೊಯ್ದು ನೆಲದ ಮೇಲಿಟ್ಟ. ಒಂದು ತುಂಡು ಹಳೆಯ ಬಸವ. ಉದ್ದ ಎರಡು ಪಾಲಾಗಲು ಪಕ್ಕದಲ್ಲಿ ಇನ್ನೊಂದು. ಅಗಲವೂ ಎರಡು ಪಾಲಾಗಬೇಕಲ್ಲ, ಹಿಂದೆ ಇನ್ನೆರಡು. ಎತ್ತರವೂ ಆಗಬೇಕಲ್ಲ, ಮೇಲೆ ಇನ್ನೂ ನಾಲ್ಕು.

"ಎಣ್ಸಕ್ಕಾ. ಎಂಟು. ಹೊರಗಿಂದ ಒಂದು ಮಗ್ಗುಲು ನೋಡು, ನಾಲ್ಕೇ ತುಂಡು ಕಾಣ್ತದೆ. ಅದಕ್ಕೇ ಬಟ್ಟೆ ನಾಲ್ಕು ಪಾಲು ಬೇಕು, ಹೊಟ್ಟೆಗೆ ಎಂಟು ಪಾಲು."

"ಇರೋನು ಒಬ್ಬನೇ ಬಸವ," ಎಂದಳು ಗೋವಿಂದಮ್ಮಾಳ್. "ಎತ್ರಕ್ಕೊಂದು ಲೆಕ್ಕ, ಬಟ್ಟೆಗೊಂದು ಲೆಕ್ಕ, ಹೊಟ್ಟೆಗೊಂದು ಲೆಕ್ಕ. ನೀನೇನು ಮೂರು ಬಸವಗಳನ್ನ ಕೆತ್ತಿದ್ದೀಯಾ?"

ಅವಳ ತಲೆ ಕುಂಬಾರನ ತಿಗರಿಯ ಹಾಗೆ ತಿರುಗಿತು. ಅಂದರೆ ತಾನು ಹೊರಬೇಕಾದದ್ದು ಎಂಟು ಕಿಲೋ ಅಲ್ಲ, ಮೂವತ್ತೆರಡು. ಅದೂ ನಡುವೆ ಎಲ್ಲಿಯೂ ಇಳಿಸದೆ ಅರ್ಧ ಮೈಲಿ. ದೇವರು ಯಾವ ಮೊಣಕಾಲನ್ನು ಕೊಟ್ಟನೆಂದು ಹರಕೆಯೋ, ಆ ಹರಕೆಯೇ ಮೊಣಕಾಲನ್ನು ತಿಂದುಹಾಕುತ್ತದೆ. ಹೊತ್ತರೆ ಕಾಲು ಹೋಗುತ್ತದೆ, ಹೊರದಿದ್ದರೂ ಕಾಲು ಹೋಗುತ್ತದೆ.

ಸೇಕರ್ ಇನ್ನೊಂದು ಮಾತು ಸೇರಿಸಿದ. ಬಸವನ ಕಾಲುಗಳ ದಪ್ಪವನ್ನು ಅಡ್ಡ ಕೊಯ್ದು ನೋಡಿದರೆ ಅದು ಹೆಚ್ಚಿರುವುದು ನಾಲ್ಕು ಪಾಲು, ಮೇಲಿನ ಭಾರ ಮಾತ್ರ ಎಂಟು ಪಾಲು. ಹಾಗಾಗಿ ಅದರ ಕಾಲೂ ತಡೆಯುವುದು ಅನುಮಾನ. ಅಷ್ಟು ಹೊತ್ತಿನಿಂದ ಒಂದೂ ತಲೆಗೆ ಹೋಗದಿದ್ದ ಗೋವಿಂದಮ್ಮಾಳಿಗೆ ಅದು ಮಾತ್ರ ಥಟ್ಟನೆ ಅರ್ಥವಾಯಿತು. ಮಿಕ್ಕ ಲೆಕ್ಕವೆಲ್ಲ ದೇವರದು. ಕಾಲಿನ ಲೆಕ್ಕ ಅವಳದೇ.

ಒಳಗೆ ಟೊಳ್ಳು ಬಿಟ್ಟರೆ ಹೇಗೆ ಎಂದು ಪಾಂಡೀಶ್ವರಿ ಕೇಳಿದಳು. ದನದ ದೇವರ ಮುಂದೆ ಖಾಲಿ ಹೊಟ್ಟೆಯ ಬಸವನನ್ನು ನಿಲ್ಲಿಸುವುದೇ? ಗೋವಿಂದಮ್ಮಾಳ್ ನೋಡಿದ ನೋಟಕ್ಕೆ ಒಲೆಯ ಮೇಲಿನ ಹಾಲು ತಾನೇ ಕೆಳಗಿಳಿಯಿತು. ಹೊಟ್ಟೆ ತುಂಬಿರಬೇಕು. ಎಂಟು ಪಾಲು ಅಂದರೆ ಎಂಟು ಪಾಲೂ ತುಂಬಿರಬೇಕು.

ಹಬ್ಬಕ್ಕೆ ಎರಡು ದಿನ ಉಳಿದಿತ್ತು. ಆ ಸಂಜೆ ಮುತ್ತುಮಾರಿ ಸಂತೆಯಿಂದ ಬರುತ್ತಿದ್ದಳು. ಅವಳ ತಲೆಯ ಮೇಲೆ ಒಂದು ಚೀಲ. ಚೀಲ ಎಷ್ಟಿತ್ತೆಂದರೆ ಅದರ ನೆರಳಿಗೆ ಓಣಿಯ ಕೋಳಿಗಳು ಕತ್ತಲಾಯಿತೆಂದು ಗೂಡು ಸೇರಿದವು. ಆದರೆ ಅವಳು ಎರಡೂ ಕೈ ಬೀಸಿಕೊಂಡು, ಫೋನಿನಲ್ಲಿ ನಗುತ್ತಾ ನಡೆಯುತ್ತಿದ್ದಳು. ಜಗಲಿಯಲ್ಲಿ ಕುಳಿತಿದ್ದ ಗೋವಿಂದಮ್ಮಾಳ್ ಬಾಯಿ ತೆರೆದು ನೋಡಿದಳು.

"ಏನೇ ಅದು, ಅಷ್ಟು ದೊಡ್ಡದು?"

"ಪೊರಿ ಅತ್ತಿಗೇ. ಮಂಡಕ್ಕಿ. ಮಕ್ಳಿಗೆ."

ಗೋವಿಂದಮ್ಮಾಳ್ ಎದ್ದ ರಭಸಕ್ಕೆ ಜಗಲಿ ಒಂದು ಅಂಗುಲ ಕುಸಿಯಿತು.

ಬೆಲ್ಲದ ಪಾಕ ಕಾಯಿತು. ಶಾಸ್ತ್ರಕ್ಕೆ ಒಂದು ಹಿಡಿ ರಾಗಿಹಿಟ್ಟು ಬಿತ್ತು. ಎರಡೂ ಹೋಳಿಗೆ ಮಂಡಕ್ಕಿ ಗಿಡಿದು, ಪಾಕ ಹೊಯ್ದು, ಒಂದು ಕಾಳಿನ ಜಾಗವನ್ನೂ ಬಿಡದೆ ಒತ್ತಿದರು. ಮೊದಲು ಮಾಡಿದ ಹದಿನಾರು ಕಿಲೋ ಪಾಕವನ್ನು ಓಣಿಯ ಜನ, ದನ, ಆ ಅಪವಾದ ಹೊತ್ತ ಬೆಕ್ಕು ಸೇರಿ ತಿಂದು ಮುಗಿಸಿದವು. ಚಿನ್ನಾಳಪಟ್ಟಿಯಿಂದ ಇನ್ನೆರಡು ಮೊಳ ಬಟ್ಟೆ ಬಂತು. ಜೊತೆಗೆ, ಇದು ಕುಗ್ಗಿಲ್ಲ ಎಂದು ನೇಕಾರ ಬರೆದ ಚೀಟಿ. ಅಚ್ಚು ಬಿಚ್ಚಿದರೆ ಎರಡು ಗೇಣಿನ ಬಸವ, ನಾಲ್ಕೂ ಕಾಲಿನ ಮೇಲೆ ಗಟ್ಟಿಯಾಗಿ ನಿಂತ. ತೂಗಿದರು: ಐದೂವರೆ ಕಿಲೋ.

ಗೋವಿಂದಮ್ಮಾಳ್ ಹೊತ್ತು ನಡೆದಳು. ಹಿಂದೆ ಸೇಕರ್, ಪಾಂಡೀಶ್ವರಿ, ಅವರ ಹಿಂದೆ ಲಕ್ಷ ಜನ, ಕಡಿಮೆಯೆಂದರೂ ನೂರಿಪ್ಪತ್ತು. ಮೊಣಕಾಲು ಉಸಿರೆತ್ತಲಿಲ್ಲ. ಅವಳ ತಲೆಯೊಳಗೆ ಮಾತ್ರ ಗದ್ದಲ. ಎತ್ತರ ಎರಡು ಪಾಲು, ಬಟ್ಟೆ ನಾಲ್ಕು ಪಾಲು, ಹೊಟ್ಟೆ ಎಂಟು ಪಾಲು, ಭಾರ ಒಂದೂವರೆಯೂ ಇಲ್ಲ. ದೇವರು ಇದರಲ್ಲಿ ಯಾವುದನ್ನು ಎಣಿಸುತ್ತಾನೆ? ತಾನು ಕೊಟ್ಟದ್ದು ಹೆಚ್ಚೋ, ಕಡಿಮೆಯೋ?

ಬಸವನನ್ನು ದೇವರ ಮುಂದೆ ಇಳಿಸಿ ಗೇಣು ಹಾಕಿದಳು. ಸರಿಯಾಗಿ ಎರಡು. ಪೂಜೆಯಾಗಿ ಒಡೆದು ಹಂಚಿದರು. ಹೋದ ವರ್ಷ ಅವಳ ಬಸವ ನಲವತ್ತು ಕೈಗೆ ಮುಗಿದಿತ್ತು. ಈ ವರ್ಷ ಬಂದವರೆಲ್ಲ ತಿಂದು, ಮಡಿಲು ತುಂಬಿಕೊಂಡು, ದೇವರ ದನಗಳೂ ಮೂತಿ ನೆಕ್ಕಿಕೊಂಡ ಮೇಲೂ ಹಿಂಗಾಲೆರಡು ಉಳಿದವು. ಮಂಡಕ್ಕಿಯ ಬಸವನೂ ಒಂದು ಬಸವನೇ ಎಂದು ಮೂಗು ಮುರಿಯಲು ಬಂದಿದ್ದ ಮುತ್ತುಮಾರಿಯ ಬಾಯಿಯೂ ತುಂಬಿತ್ತು.

ಆಗಲೇ ಗೋವಿಂದಮ್ಮಾಳ ಬಲಮೊಣಕಾಲು ಸಣ್ಣಗೆ ಲಟಕ್ ಎಂದಿತು. ಚಪ್ಪರದ ಗಿಳಿಗಳು ಕತ್ತು ಎತ್ತಿದವು. ಪೂಜಾರಿ, ಬರುವ ವರ್ಷದ ಹರಕೆ ಏನಮ್ಮಾ ಎಂದು ಕೇಳಿದ. ಮೂರು ಗೇಣು ಎನ್ನಲು ಅವಳ ಬಾಯಿ ತೆರೆದೇಬಿಟ್ಟಿತ್ತು. ಹಿಂದೆ ನೋಡಿದಳು. ಸೇಕರ್ ಒಂಬತ್ತು ಬೆರಳು ಎತ್ತಿ ಒಂದು ಸಲ ತೋರಿಸಿದ, ಎರಡು ಸಲ ತೋರಿಸಿದ, ಮೂರನೆಯ ಸಲವೂ ಎತ್ತುತ್ತಿದ್ದ: ಇಪ್ಪತ್ತೇಳು ಪಾಲು.

ಗೋವಿಂದಮ್ಮಾಳ್ ಬಾಯಿ ಮುಚ್ಚಿ ದೇವರಿಗೆ ಕೈ ಮುಗಿದಳು.

"ಸ್ವಲ್ಪ ಇರು ಸಾಮೀ," ಎಂದಳು. "ಆಚಾರಿನ ಕೇಳ್ಬುಟ್ಟು ಹೇಳ್ತೀನಿ."