ಪ್ರಮೀಳಾಳ ದಮ್ಮು

"ಹೋಲ್ಡಾನ್" ಎಂದು ಪ್ರಮೀಳಾ ಕೂಗಿದ್ದು ಎಷ್ಟು ಜೋರಾಗಿತ್ತೆಂದರೆ, ಸೊರಬದ ಆ ಮೈದಾನದ ಬೇಲಿಯಾಚೆ ಹೋಗುತ್ತಿದ್ದ ಸರ್ಕಾರಿ ಬಸ್ಸೊಂದು ಗಕ್ಕನೆ ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕೂಗಿದ್ದು ತನ್ನ ಕಂಡಕ್ಟರ್ ಅಲ್ಲವೆಂದು ಖಾತ್ರಿ ಮಾಡಿಕೊಂಡು ಮತ್ತೆ ಗೇರ್ ಹಾಕಿದ. ಬೇಲಿಯ ಪಕ್ಕದಲ್ಲಿ ನಿಂತಿದ್ದವರೆಲ್ಲ ನಕ್ಕರು. ಪ್ರಮೀಳಾ ನಗಲಿಲ್ಲ. ಅವಳ ಕಣ್ಣು ಕಬಡ್ಡಿ ಅಂಕಣದೊಳಗೆ, ಉಳವಿಯ ಹುಡುಗಿಯರ ನಡುವೆ ಒಬ್ಬಳೇ ಸುಳಿದಾಡುತ್ತಿದ್ದ ಸಂಗೀತಳ ಕಾಲುಗಳ ಮೇಲಿತ್ತು.

ತಾಳಗುಂದದ ಹುಡುಗಿಯರಿಗೆ ಅವಳು ಕಲಿಸಿದ ಭಾಷೆ ಅಷ್ಟೇ, ಎರಡು ಮಾತಿನದು. ಹೋಲ್ಡಾನ್ ಎಂದರೆ ಎದುರಾಳಿಯ ಅಂಗಳದಲ್ಲೇ ನಿಲ್ಲು, ಇನ್ನೊಬ್ಬಳನ್ನು ಮುಟ್ಟು. ರೈಟ್ ಎಂದರೆ ಸಾಕು, ತಿರುಗಿ ಬಾ. ಶಿಕಾರಿಪುರ–ಸೊರಬ ಬಸ್ಸಿನಲ್ಲಿ ವರ್ಷಗಟ್ಟಲೆ ಕಂಡಕ್ಟರಾಗಿ ದುಡಿದವಳಿಗೆ ಬೇರೆ ಮಾತು ಹುಡುಕುವ ಅಗತ್ಯವೇ ಬಿದ್ದಿರಲಿಲ್ಲ. ಅವಳು ಹೋಲ್ಡಾನ್ ಎಂದರೆ ಮಾಲತೇಶನಂಥ ಹಟಮಾರಿ ಡ್ರೈವರೇ ಬ್ರೇಕ್ ಒತ್ತುತ್ತಿದ್ದ; ಇನ್ನು ಹೈಸ್ಕೂಲು ಮುಗಿಸಿದ ಹುಡುಗಿಯರು ಯಾವ ಲೆಕ್ಕ?

ಆ ಕಂಡಕ್ಟರ್ ಕೆಲಸವೂ ಕಬಡ್ಡಿ ಕೊಟ್ಟದ್ದೇ. ಕ್ರೀಡಾ ಕೋಟಾದಲ್ಲಿ ಬಂದದ್ದು. ಶಿಕಾರಿಪುರದ ಕಾಲೇಜಿನಲ್ಲಿ ಓದುವಾಗ ಪ್ರಮೀಳಾ ರೈಡಿಗೆ ಹೊರಟಳೆಂದರೆ ಎದುರಿನವರು ಮೊದಲು ಮಾಡುತ್ತಿದ್ದ ಕೆಲಸ ಹಿಂದೆ ಸರಿಯುವುದು. ಓಟದಲ್ಲಿ ಅವಳಿಗಿಂತ ಚುರುಕಾದವರಿದ್ದರು, ತೋಳಿನಲ್ಲಿ ಅವಳಿಗಿಂತ ಗಟ್ಟಿಯವರಿದ್ದರು. ಆದರೆ ದಮ್ಮು ಹಿಡಿಯುವುದರಲ್ಲಿ ಅವಳಿಗೆ ಸಾಟಿ ಇರಲಿಲ್ಲ. ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಾ ಎದುರಾಳಿಯ ಅಂಗಳದಲ್ಲಿ ಸ್ವಂತ ಮನೆಯ ಹಿತ್ತಿಲಿನಲ್ಲಿ ಓಡಾಡಿದಂತೆ ಓಡಾಡುತ್ತಿದ್ದಳು. ಅವಳ ಉಸಿರು ಮುಗಿಯಲಿ ಎಂದು ಕಾದು ಕಾದು ಎದುರಿನವರಿಗೇ ಬೇಸರ ಬಂದು ಮೈಮರೆತಾಗ ಇಬ್ಬರನ್ನು ಮುಟ್ಟಿ ವಾಪಸ್ಸಾಗುತ್ತಿದ್ದಳು. ರಾಜ್ಯ ತಂಡಕ್ಕೂ ಆಡಿದಳು. ಈಗಲೂ ಶಿರಾಳಕೊಪ್ಪದಲ್ಲಿ ಬಸ್ಸು ಹತ್ತುವ ಹಳಬರು ಟಿಕೆಟ್ ತೆಗೆದುಕೊಳ್ಳುವಾಗ ಅದನ್ನು ನೆನಪಿಸದೆ ಬಿಡುವುದಿಲ್ಲ, ಅವಳೂ ಬೇಡ ಎನ್ನುವುದಿಲ್ಲ.

ಇಂಥವಳು ಊರಿನ ಹುಡುಗಿಯರಿಗೆ ಕಬಡ್ಡಿ ಕಲಿಸುತ್ತೇನೆ ಎಂದಾಗ ತಾಳಗುಂದ ಕುಣಿದಾಡಿತು. ಊರಿನ ಹಿರಿಯ ಚಂದ್ರಶೇಖರಪ್ಪ ತಮ್ಮ ಕಣವನ್ನೇ ಅಂಕಣ ಮಾಡಿಕೊಳ್ಳಲು ಬಿಟ್ಟುಕೊಟ್ಟರು, ಕೆಂಪು ಬನಿಯನ್ ಹೊಲಿಸಿಕೊಟ್ಟರು. ಇನ್ನೇನು, ಗೆದ್ದ ಕಪ್ಪು ಇಡಲು ಕಪಾಟು ಮಾಡಿಸುವುದೊಂದೇ ಬಾಕಿ ಎಂದು ಎಲ್ಲರೂ ಅಂದುಕೊಂಡರು. ಕಪಾಟು ಬರಲಿಲ್ಲ. ಕಪ್ಪೂ ಬರಲಿಲ್ಲ. ವರ್ಷ ವರ್ಷವೂ ಸೊರಬದ ಪಂದ್ಯಾವಳಿಯಲ್ಲಿ ಕೊನೆಯ ಪಂದ್ಯದವರೆಗೆ ಬಂದು ಉಳವಿಯ ಹುಡುಗಿಯರ ಕೈಯಲ್ಲಿ ಸೋತು ಬರುವುದೇ ಆಯಿತು.

ಹೊಟ್ಟೆ ಉರಿಸುವ ಸಂಗತಿಯೆಂದರೆ ಉಳವಿಯ ತಂಡಕ್ಕೆ ಕಲಿಸುತ್ತಿದ್ದವಳು ಅಲ್ಲಿನ ಶಾಲೆಯ ಟೀಚರ್ ಮೂಕಾಂಬಿಕಾ. ಪ್ರಮೀಳಾಳ ಕಾಲೇಜಿನ ತಂಡದಲ್ಲೇ ಇದ್ದವಳು. ಇದ್ದವಳು ಎನ್ನುವುದಕ್ಕಿಂತ ಬೆಂಚಿನ ಮೇಲೆ ಕೂತಿದ್ದವಳು. ಯಾರಿಗಾದರೂ ಕಾಲು ಉಳುಕಿದರೆ ಅಂಕಣಕ್ಕಿಳಿಯುತ್ತಿದ್ದಳು, ಉಳಿದಂತೆ ನೀರಿನ ಬಾಟಲಿ ಹಿಡಿದು ಕಾಯುತ್ತಿದ್ದಳು. ಪ್ರಮೀಳಾ ಬೆವರು ಒರೆಸಿಕೊಂಡು ಬಂದಾಗ ಮೊದಲು ಬಾಟಲಿ ಚಾಚುತ್ತಿದ್ದವಳು ಅವಳೇ. ಈಗ ಅವಳ ಹುಡುಗಿಯರು ಗೆಲ್ಲುತ್ತಿದ್ದರು.

ಈ ಸಲ ಸೊರಬಕ್ಕೆ ಹೊರಡುವ ಮುಂಚೆ ಚಂದ್ರಶೇಖರಪ್ಪ ಎಲ್ಲರೆದುರೂ ಹೇಳಿಬಿಟ್ಟಿದ್ದರು. "ನೋಡವ್ವ ಪ್ರಮೀಳಾ, ಬ್ಯಾಸರ ಮಾಡ್ಕೋಬ್ಯಾಡ. ಆಡಾದು ಬ್ಯಾರೆ, ಆಡ್ಸಾದು ಬ್ಯಾರೆ. ಈ ಸಲನೂ ಸೋತ್ವಿ ಅಂದ್ರ ಆ ಉಳವಿ ಟೀಚರನ್ನೇ ಕೇಳಾನ ಅಂತ ಮಾಡೀನಿ." ಪ್ರಮೀಳಾ ಆಗ ನಕ್ಕಿದ್ದಳು. ಕೇಳಿನೋಡ್ರಿ, ಅದಕ್ಕಿಂತ ಮೊದಲು ಕಪಾಟು ಮಾಡ್ಸಿಡ್ರಿ ಎಂದಿದ್ದಳು. ಆದರೆ ಮಾತು ನಾಟಿತ್ತು. ಕಂಡಕ್ಟರ್ ಕೆಲಸ ಹೊಟ್ಟೆಪಾಡಿಗೆ. ಸಂಜೆ ಆ ಕಣದಲ್ಲಿ ಕಳೆಯುವ ಹೊತ್ತು ಮಾತ್ರ ಅವಳದ್ದೇ ಎನ್ನುವಂಥದ್ದು. ಅದನ್ನು ಬೇರೆ ಯಾರಿಗೋ, ಅದರಲ್ಲೂ ಮೂಕಾಂಬಿಕಾಗೆ, ಬಿಟ್ಟುಕೊಡುವುದನ್ನು ಅವಳಿಗೆ ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ.

ಸಾಲದ್ದಕ್ಕೆ ಹಿಂದಿನ ದಿನ ಬಸ್ಸಿನಲ್ಲಿ ಕಾಲೇಜು ಹುಡುಗರು ಫುಟ್ಬಾಲಿನ ಜಗಳ ತೆಗೆದಿದ್ದರು. ಕಾಲಿನಲ್ಲಿ ಜಾದೂ ಇದ್ದ ಆಟಗಾರರೆಲ್ಲ ತಂಡ ನಡೆಸಲು ಹೋಗಿ ಮುಗ್ಗರಿಸುತ್ತಾರೆ ಎಂದು ಒಬ್ಬ, ಇಲ್ಲ ಎಂದು ಇನ್ನೊಬ್ಬ. ಟಿಕೆಟ್ ಹರಿಯುತ್ತಾ ಪ್ರಮೀಳಾ ಅಷ್ಟನ್ನೂ ಕೇಳಿಸಿಕೊಂಡಳು. ಮೊದಲನೆಯವನಿಗೆ ಚಿಲ್ಲರೆ ಕೊಡುವಾಗ ಸ್ವಲ್ಪ ಸತಾಯಿಸಿಯೇ ಕೊಟ್ಟಳು.

ಈಗ ಅಂಕಣದಲ್ಲಿ ಸಂಗೀತ ಒಬ್ಬಳನ್ನು ಮುಟ್ಟಿಯಾಗಿತ್ತು. ಟಿವಿಯ ಕಬಡ್ಡಿಯಲ್ಲಿರುವಂತೆ ಇಲ್ಲಿ ಗಡಿಯಾರದ ಕಾಟವಿಲ್ಲ. ಉಸಿರಿದ್ದಷ್ಟು ಹೊತ್ತು ಆಟ, ಉಸಿರು ತುಂಡಾದರೆ ಔಟು. ಸಂಗೀತಳ ಮುಖ ಕೆಂಪಗಾಗಿತ್ತು. ಅವಳು ಒಮ್ಮೆ ಪ್ರಮೀಳಾ ಕೂತಿದ್ದ ಬೆಂಚಿನ ಕಡೆ ನೋಡಿದಳು. ಪ್ರಮೀಳಾ ಮತ್ತೆ ಹೋಲ್ಡಾನ್ ಎಂದಳು. ಸಂಗೀತ ನಿಂತಳು, ಬಲಕ್ಕೆ ಒಂದು ಹೆಜ್ಜೆ ಹಾಕಿದಳು, ಅಷ್ಟರಲ್ಲಿ ದನಿ ತುಂಡಾಯಿತು. ರೆಫರಿ ಸೀಟಿ ಊದಿದ. ಆ ದಿನ ಅವಳು ಹೀಗೆ ದಮ್ಮು ಬಿಟ್ಟು ಔಟಾದದ್ದು ಅದು ಮೊದಲನೆಯ ಸಲವೇನಲ್ಲ. ಉಳವಿಯವರು ಕುಣಿದರು, ತಾಳಗುಂದದ ಕಡೆ ಸ್ಮಶಾನಮೌನ.

ಆ ಮೌನದಲ್ಲಿ ಯಾರೋ ಇನ್ನೂ ಕಬಡ್ಡಿ ಕಬಡ್ಡಿ ಎನ್ನುತ್ತಿರುವುದು ಪ್ರಮೀಳಾಗೆ ಕೇಳಿಸಿತು. ಸಣ್ಣ ದನಿ, ಸಲೀಸಾಗಿ ಓಡುತ್ತಿತ್ತು. ಆಟ ನಿಂತಮೇಲೂ ಇದ್ಯಾರಪ್ಪ ಎಂದು ಸಿಟ್ಟಿನಲ್ಲಿ ಅತ್ತಿತ್ತ ನೋಡಿದಳು. ಪಕ್ಕದಲ್ಲಿ ಕೂತಿದ್ದ ಡ್ರೈವರ್ ಮಾಲತೇಶ್ ಅವಳನ್ನೇ ನೋಡುತ್ತಾ ತಲೆದೂಗಿದ. ಅವನು ರಜೆ ಹಾಕಿ ಪಂದ್ಯ ನೋಡಲು ಬಂದಿದ್ದ.

"ಹುಡುಗಿ ಔಟಾಗಿ ಬಂದು ಕುಂತ್ಲು, ನಿಮ್ದು ಇನ್ನೂ ನಡದೈತಲ್ರೀ ಮೇಡಂ" ಎಂದ. "ದಮ್ಮು ಅಂದ್ರ ಇದು."

ಅವನು ಮನಸಾರೆ ಮೆಚ್ಚಿಯೇ ಹೇಳಿದ. ಪ್ರಮೀಳಾ ಬಾಯಿ ಮುಚ್ಚಿದಳು. ಎದೆಯಲ್ಲಿ ಇನ್ನೂ ಉಸಿರು ಉಳಿದಿತ್ತು, ಇನ್ನೊಬ್ಬಳನ್ನು ಮುಟ್ಟಿ ಬರುವಷ್ಟು. ಹುಡುಗಿಯರು ರೈಡಿಗೆ ಹೋದಾಗಲೆಲ್ಲ ತಾನೂ ಅವರ ಜೊತೆ ಉಸಿರು ಹಿಡಿಯುತ್ತಿದ್ದೆ, ತನ್ನ ಉಸಿರು ಮುಗಿಯುತ್ತ ಬಂದಾಗ ರೈಟ್ ಎನ್ನುತ್ತಿದ್ದೆ ಎಂಬುದು ಅವಳಿಗೆ ಅಲ್ಲಿ, ಆ ಬೆಂಚಿನ ಮೇಲೆ ಹೊಳೆಯಿತು. ದಮ್ಮು ಬೆಳೆಯಲಿ ಎಂದು ಹುಡುಗಿಯರನ್ನು ಕೆರೆ ಏರಿಯ ಮೇಲೆ ಓಡಿಸಿದ್ದು, ಶೇಂಗಾ ತಿನ್ನಿಸಿದ್ದು, ನಿಮಗೆ ದಮ್ಮಿಲ್ಲ ಎಂದು ಬಾಯಿಗೆ ಬಂದಂತೆ ಬೈದದ್ದು ಎಲ್ಲ ಒಟ್ಟಿಗೆ ನೆನಪಾಯಿತು.

ವಿರಾಮದ ಸೀಟಿ ಬಿತ್ತು. ಹುಡುಗಿಯರು ಬೈಗುಳಕ್ಕೆ ತಯಾರಾಗಿಯೇ ಬಂದು ಸುತ್ತ ನಿಂತರು. ಉಳವಿ ಐದು ಪಾಯಿಂಟು ಮುಂದಿತ್ತು. ಪ್ರಮೀಳಾ ಸಂಗೀತಳನ್ನು ಹತ್ತಿರ ಕರೆದಳು.

"ಆಗ ಒಬ್ಬಳನ್ನ ಮುಟ್ಟಿದ್ಯಲ್ಲ, ವಾಪಸ್ ಬರ್ಬೇಕು ಅನ್ಸಿತ್ತೇನು?"

ಸಂಗೀತ ಉಳಿದವರ ಮುಖ ನೋಡಿದಳು. ಸುಳ್ಳು ಹೇಳಿದರೆ ಒಂದು ಬೈಗುಳ, ನಿಜ ಹೇಳಿದರೆ ಎರಡು ಎಂದು ಲೆಕ್ಕ ಹಾಕಿದಂತಿತ್ತು. "ಅನ್ಸಿತ್ರಿ ಮೇಡಂ" ಎಂದಳು.

"ಮತ್ಯಾಕ ಬರ್ಲಿಲ್ಲ?"

"ನೀವು ರೈಟ್ ಅಂದಿರ್ಲಿಲ್ಲಲ್ರೀ."

ಪ್ರಮೀಳಾ ತಪ್ಪು ಒಪ್ಪಿಕೊಂಡು ಅಭ್ಯಾಸವಿಲ್ಲದವಳು. ಅಂಕಣದಲ್ಲಿ ಔಟಾದಾಗಲೂ ರೆಫರಿಯ ಜೊತೆ ಜಗಳ ಆಡಿಯೇ ಹೊರಗೆ ಬರುತ್ತಿದ್ದಳು. ಆದರೆ ಈ ಹುಡುಗಿಯರ ಜೊತೆ ಜಗಳವಾಡುವಂಥದ್ದು ಏನೂ ಇರಲಿಲ್ಲ.

"ಇಷ್ಟು ದಿನ ನನ್ನ ದಮ್ಮಿನ ಮ್ಯಾಲೆ ನಿಮ್ಮನ್ನ ಆಡ್ಸೀನಿ. ತಪ್ಪು ನಂದು" ಎಂದಳು. "ಇನ್ನ ನಾನು ಹೋಲ್ಡಾನೂ ಅನ್ನಲ್ಲ, ರೈಟೂ ಅನ್ನಲ್ಲ. ನಿಮ್ಮ ಉಸಿರು ನಿಮಗ ಗೊತ್ತು. ಬರ್ಬೇಕು ಅನ್ಸಿದಾಗ ಬರ್ರಿ."

ಹುಡುಗಿಯರು ಹೆದರಿದರು. ಬೈಗುಳಕ್ಕಿಂತ ಇದು ಕಷ್ಟದ್ದಾಗಿ ಕಂಡಿತು ಅವರಿಗೆ. ಕೊನೆಗೆ ಮೂಲೆಯಲ್ಲಿ ಆಡುವ ಸುಮಾ, ತಂಡದಲ್ಲಿ ಅತಿ ಬಾಯಾಳಿ, ಎಲ್ಲರ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟಳು. "ಸುಮ್ನ ಕುಂದ್ರಾಕ ಆಗ್ತೈತೇನ್ರೀ ಮೇಡಂ ನಿಮಗ?" ಹುಡುಗಿಯರು ನಕ್ಕರು. ಪ್ರಮೀಳಾಳೂ ನಕ್ಕಳು, ಆದರೆ ಉತ್ತರ ಅವಳಿಗೂ ಗೊತ್ತಿರಲಿಲ್ಲ.

ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆಟ ಮತ್ತೆ ಶುರುವಾಗಿ ಸಂಗೀತ ನಡುಗೆರೆ ದಾಟಿದಳೋ ಇಲ್ಲವೋ, ಪ್ರಮೀಳಾಳ ಬಾಯಿಂದ "ಹೋ" ಎಂಬುದು ಹೊರಬಿದ್ದೇಬಿಟ್ಟಿತು. ಉಳಿದದ್ದನ್ನು ನುಂಗಿದಳು. ಸಂಗೀತ ಗೊಂದಲದಲ್ಲಿ ಬರಿಗೈಯಲ್ಲಿ ವಾಪಸ್ಸು ಬಂದಳು. ನಾಲಿಗೆಯನ್ನು ನಂಬಿ ಪ್ರಯೋಜನವಿಲ್ಲ ಎಂದುಕೊಂಡು ಪ್ರಮೀಳಾ ಕಾಲ ಬಳಿ ಇದ್ದ ಬಾಟಲಿ ಎತ್ತಿದಳು. ಬಾಯಿತುಂಬ ನೀರು ತುಂಬಿಕೊಂಡು, ನುಂಗದೆ, ತುಟಿ ಬಿಗಿಹಿಡಿದು ಕೂತಳು.

ಕೆನ್ನೆ ಊದಿಸಿಕೊಂಡು ಕೂತವಳ ಅವಸ್ಥೆ ನೋಡಲು ಚೆನ್ನಾಗೇನೂ ಇರಲಿಲ್ಲ. ಮಾಲತೇಶ್ ಹಲ್ಲು ನೋವೇನ್ರೀ ಎಂದು ಕೇಳಿದ. ಅವಳು ಕೈಯಲ್ಲೇ ಸುಮ್ಮನಿರು ಎಂದಳು. ಬಾಯಲ್ಲಿ ನೀರಿದ್ದಾಗ ಕಬಡ್ಡಿ ಎನ್ನಲು ಬರುವುದಿಲ್ಲ. ಎನ್ನಲು ಬರದಿದ್ದಾಗ ಬೇರೆಯದು ಕೇಳಿಸತೊಡಗಿತು. ಸಂಗೀತಳ ಕಬಡ್ಡಿ ಮೊದಲು ಗಟ್ಟಿಯಾಗಿರುತ್ತದೆ, ಆಮೇಲೆ ತೆಳ್ಳಗಾಗುತ್ತದೆ, ತೆಳ್ಳಗಾದ ಸ್ವಲ್ಪ ಹೊತ್ತಿಗೇ ಅವಳು ತಿರುಗುತ್ತಾಳೆ. ಇನ್ನೊಬ್ಬ ರೈಡರ್ ರೋಜಾಳದ್ದು ಶುರುವಿನಿಂದಲೂ ಸಣ್ಣದೇ, ಆದರೆ ತುಂಬ ದೂರ ಹೋಗುತ್ತದೆ. ಇಷ್ಟು ವರ್ಷ ಇವರ ದನಿಯನ್ನು ಕೇಳಿಯೇ ಇಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು, ನಾಚಿಕೆಯೂ ಆಯಿತು. ತನ್ನದನ್ನೇ ಕೇಳಿಕೊಂಡು ಕೂತಿದ್ದಳು.

ಹುಡುಗಿಯರು ಒಂದೊಂದೇ ಪಾಯಿಂಟು ತರತೊಡಗಿದರು. ದೊಡ್ಡದೇನಿಲ್ಲ, ಚಪ್ಪಾಳೆ ಬೀಳುವಂಥದ್ದೂ ಇಲ್ಲ. ಹೋಗುವುದು, ಒಬ್ಬಳನ್ನು ಮುಟ್ಟುವುದು, ಬರುವುದು. ಪ್ರಮೀಳಾಗೆ ಇಂಥ ಆಟ ಸಪ್ಪೆ. ಆದರೆ ಉಳವಿಯ ಐದು ಪಾಯಿಂಟು ಕರಗುತ್ತ ಬಂದದ್ದಂತೂ ನಿಜ.

ಇದು ಕಾಣದವರು ಚಂದ್ರಶೇಖರಪ್ಪ ಒಬ್ಬರೇ. ಹಿಂದಿನಿಂದ ಬಂದು ಬೆಂಚಿನ ಪಕ್ಕ ನಿಂತರು. "ಏನವ್ವ, ಕೂಗಾದೂ ಬಿಟ್ಟೇನು? ಸೋತೋರಂಗ ಕುಂತೀಯಲ್ಲ" ಎಂದರು. ಪ್ರಮೀಳಾ ಮುಂದಕ್ಕೇ ನೋಡುತ್ತಿದ್ದಳು. ನೀರು ನುಂಗಿ ಉತ್ತರ ಕೊಡಬಹುದಿತ್ತು, ಕೊಡುವಂಥ ಉತ್ತರವೂ ಅವಳ ಹತ್ತಿರವಿತ್ತು. ಕೊಟ್ಟರೆ ಮುಂದಿನ ಮಾತು ಹೋಲ್ಡಾನ್ ಆಗುತ್ತದೆ ಎಂದು ಅವಳಿಗೆ ತನ್ನ ಬಗ್ಗೆ ಚೆನ್ನಾಗಿ ಗೊತ್ತಿತ್ತು. ಚಂದ್ರಶೇಖರಪ್ಪ ಶಾಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದರು.

ಪಾಯಿಂಟು ಸಮವಾದಾಗ ಉಳಿದದ್ದು ಒಂದೇ ರೈಡು. ಸಂಗೀತ ಹೊರಟಳು. ಈ ಸಲ ಹೊರಡುವಾಗ ಬೆಂಚಿನ ಕಡೆ ನೋಡಲಿಲ್ಲ. ಉಳವಿಯಲ್ಲಿ ಉಳಿದಿದ್ದ ಮೂವರು ಹಿಂದೆ ಸರಿದು ಕಾದರು. ಸಂಗೀತ ಎಡಕ್ಕೆ ಬಾಗಿ, ಕಾಲು ಚಾಚಿ, ಒಬ್ಬಳ ಮೊಣಕಾಲನ್ನು ಸವರಿದಳು. ಆ ಗಡಿಬಿಡಿಯಲ್ಲಿ ಉಳಿದಿಬ್ಬರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಮೂಲೆಯಲ್ಲಿ ಸಿಕ್ಕಿಬಿದ್ದರು. ಪ್ರಮೀಳಾ ಅರ್ಧ ಎದ್ದಳು. ಇಬ್ಬರೂ ಕೈಗೆಟಕುವಷ್ಟು ಹತ್ತಿರ. ತಾನಾಗಿದ್ದರೆ ಬಿಡುತ್ತಿರಲಿಲ್ಲ, ಇಬ್ಬರನ್ನೂ ಮುಟ್ಟಿ, ಅಂಕಣ ಖಾಲಿ ಮಾಡಿ, ನಡೆದುಕೊಂಡೇ ಬರುತ್ತಿದ್ದಳು. ನಾಲಿಗೆ ನೀರಿನೊಳಗೇ ಒದ್ದಾಡಿತು. ಸಂಗೀತಳ ದನಿ ತೆಳ್ಳಗಾಯಿತು. ಅವಳು ಆ ಇಬ್ಬರನ್ನು ಒಮ್ಮೆ ನೋಡಿ, ಅಲ್ಲಿಯೇ ಬಿಟ್ಟು, ತಿರುಗಿ ಓಡಿ ಬಂದು ಗೆರೆಯ ಮೇಲೆ ಬಿದ್ದಳು. ದಮ್ಮು ಆಗಲೂ ಇತ್ತು.

ಸೀಟಿ, ಕೂಗು, ಧೂಳು. ಹುಡುಗಿಯರು ಸಂಗೀತಳನ್ನು ಎತ್ತಿಕೊಂಡರು, ಸುಮಾ ಯಾಕೋ ಅಳುತ್ತಿದ್ದಳು. ಮೈಕಿನವನ ಹತ್ತಿರ ಆಗಲೇ ತಲುಪಿದ್ದ ಚಂದ್ರಶೇಖರಪ್ಪ, ನಮ್ಮ ಪ್ರಮೀಳಾ ಇರಾತನಕ ನಮಗ್ಯಾರೂ ಬ್ಯಾಡ್ರಿ ಎಂದು ಇಡೀ ಸೊರಬಕ್ಕೆ ಕೇಳುವಂತೆ ಹೇಳಿದರು. ಬೆಂಚಿನ ಕಡೆ ಯಾರೂ ತಿರುಗಿ ನೋಡಲಿಲ್ಲ. ಪ್ರಮೀಳಾಗೆ ಹೆಮ್ಮೆಯೆನಿಸಿತು, ಅದರ ಪಕ್ಕದಲ್ಲೇ, ಬಸ್ಸು ತನ್ನನ್ನು ಬಿಟ್ಟು ಹೊರಟುಹೋದಂಥ ಒಂದು ಸಣ್ಣ ಸಂಕಟವೂ ಇತ್ತು.

ಅಂಕಣವನ್ನು ದಾಟಿಕೊಂಡು ಮೂಕಾಂಬಿಕಾ ಬಂದಳು. ಸೋತ ಮುಖವೇನಲ್ಲ. ಕೈಯಲ್ಲಿ ನೀರಿನ ಬಾಟಲಿ ಇತ್ತು. ಅವಳು ಅದನ್ನು ಹಳೆಯ ಅಭ್ಯಾಸದಂತೆ ಚಾಚಿದಳು.

"ಕುಡಿ ಮಾರಾಯ್ತಿ. ಆಡಿದವರಿಗಿಂತ ನೀನೇ ಬೆವ್ತಿದೀಯ."

ಪ್ರಮೀಳಾ ಬೆರಳಿನಿಂದ ತನ್ನ ಊದಿದ ಕೆನ್ನೆಯನ್ನು ತೋರಿಸಿದಳು. ಮೂಕಾಂಬಿಕಾಗೆ ಮೊದಲು ಏನೂ ತಿಳಿಯಲಿಲ್ಲ. ಕೆನ್ನೆ ನೋಡಿದಳು, ಅವಳ ಕಾಲ ಬಳಿಯ ಅರ್ಧ ಖಾಲಿಯಾದ ಬಾಟಲಿ ನೋಡಿದಳು, ಕುಣಿಯುತ್ತಿದ್ದ ಹುಡುಗಿಯರನ್ನು ನೋಡಿದಳು. ಆಮೇಲೆ ನಿಧಾನವಾಗಿ ನಕ್ಕಳು.

"ಕೂಗಬಾರ್ದು ಅಂತ ನಾನು ಬೆರಳು ಕಚ್ಕೊಳ್ತಿದ್ದೆ. ನೀನು ಆಡೋವಾಗ" ಎಂದಳು. "ಸ್ವಲ್ಪ ಆಚೆ ಸರಿ."

ಕಾಲೇಜಿನ ದಿನಗಳಲ್ಲಿ ಪ್ರಮೀಳಾ ಬೆಂಚಿನ ಮೇಲೆ ಕೂತವಳೇ ಅಲ್ಲ. ಅವಳು ತುದಿಗೆ ಸರಿದು ಜಾಗ ಬಿಟ್ಟಳು. ಬಾಯೊಳಗಿನ ನೀರು ಬೆಚ್ಚಗಾಗಿತ್ತು. ಅದನ್ನು ಸ್ವಲ್ಪ ಸ್ವಲ್ಪವಾಗಿ ನುಂಗಿದಳು.