ಬರೀ ಎಣ್ಣೆಯ ಇಲಿಗಳು

"ದೊಡ್ಡಮ್ಮ, ಇದು ಬಲಗಡೆ ಪಂಜರದ್ದೇ ತಾನೆ?"

ಸಂಶೋಧಕಿ ಕೇಳಿದ್ದು ಮೂರನೆಯ ಸಲ. ತಕ್ಕಡಿಯ ತಟ್ಟೆಯಲ್ಲಿ ಇಲಿಯ ಗರ್ಭಕೋಶವಿತ್ತು. ಸೊರಗಿದ ದಾರದಂತಿರಬೇಕಾದದ್ದು ಉಬ್ಬಿ, ಕೆಂಪಗೆ ಹೊಳೆಯುತ್ತಿತ್ತು.

"ಬಲಗಡೇದೇ. ಹನ್ನೊಂದು ವರ್ಷದಿಂದ ಇಲಿ ನೋಡ್ಕೊಂಡಿದ್ದೀನಿ ತಾಯಿ. ಮೊಮ್ಮಕ್ಕಳ ಹೆಸರು ತಪ್ಪೀತು, ಪಂಜರ ತಪ್ಪಲ್ಲ."

ಸಂಶೋಧಕಿ ನಗಲಿಲ್ಲ. ಎಲ್ಲ ಇಲಿಗಳ ಅಂಡಾಶಯವನ್ನೂ ಅವಳೇ ತೆಗೆದಿದ್ದಳು. ಎಡಗಡೆಯವಕ್ಕೆ ಎಣ್ಣೆಯಲ್ಲಿ ಈಸ್ಟ್ರೋಜನ್ ಬೆರೆಸಿದ ಸೂಜಿಮದ್ದು, ಬಲಗಡೆಯವಕ್ಕೆ ಬರೀ ಎಣ್ಣೆ. "ಈಸ್ಟ್ರೋಜನ್ ತಾಗಿದ್ರೆ ಗರ್ಭಕೋಶ ಎಚ್ಚರಾಗುತ್ತೆ, ಬೆಳೆಯೋಕೆ ಬೇಕಾದ ಕೋಎನ್‌ಜೈಮ್ ಅನ್ನೋ ವಸ್ತು ತಯಾರಿಸೋಕೆ ಶುರು ಮಾಡುತ್ತೆ. ತಾಗದಿದ್ರೆ ಮಲಗಿಬಿಡುತ್ತೆ" ಎಂದು ಹಿಂದೊಮ್ಮೆ ಬಿಡಿಸಿ ಹೇಳಿದ್ದಳು. ಈಗ ಎರಡೂ ಕಡೆ ಎಚ್ಚರ.

"ಇನ್ನೊಂದೇ ಉಳಿದಿರೋದು. ಅದೂ ಹೀಗೇ ಬಂದ್ರೆ ನನ್ನ ನಾಲ್ಕು ವರ್ಷ ಮಣ್ಣುಪಾಲು. ತಗೊಂಡ್ ಬನ್ನಿ."

ಇಲಿಗಳ ಕೋಣೆಯಲ್ಲಿ ಮಧ್ಯಾಹ್ನದ ಬಿಸಿಲು ಸರಳುಗಳ ಮೇಲೆ ಬಿದ್ದಿತ್ತು. ಬಲಗಡೆಯ ಖಾಲಿ ಪಂಜರಗಳಲ್ಲೆಲ್ಲ ಗೂಡುಗಳು. ಕಾಗದ ಹರಿದು, ನಡುವೆ ಕುಳಿ ಮಾಡಿ, ಅಂಚಿಗೆ ಸಿಕ್ಕ ಎಳೆಯನ್ನೆಲ್ಲ ಸುತ್ತಿದ ಗೂಡುಗಳು, ಹುಟ್ಟಲಾಗದ ಮರಿಗಳಿಗೆ. ಹದಿನೈದು ದಿನದಿಂದ ದೊಡ್ಡಮ್ಮ ನೋಡುತ್ತಲೇ ಇದ್ದಳು, ಬಾಯಿ ಬಿಟ್ಟಿರಲಿಲ್ಲ. ಅವಳು ಒಳಗೆ ಬಂದರೆ ಬಲಗಡೆಯವು ಮಾತ್ರ, ಕೀಚೆನ್ನದೆ, ಸಾಲಾಗಿ ಸರಳಿಗೆ ಮೂತಿ ಒತ್ತಿ ನಿಲ್ಲುತ್ತಿದ್ದವು.

ಕೊನೆಯದೂ ಹಾಗೇ ಕಾದು ನಿಂತಿತ್ತು. ಕೈ ಹಾಕಿದೊಡನೆ ಮುಂಗೈ ನೆಕ್ಕತೊಡಗಿತು. ಪಾಪ, ಇವಕ್ಕೆ ಮದ್ದೂ ಇಲ್ಲ, ಬರೀ ಎಣ್ಣೆ ಎಂದು ದಿನವೂ ನೆಕ್ಕಲು ಬಿಟ್ಟವಳೇ ಅವಳು. ಇವತ್ತು ಬಗ್ಗಿ ನೋಡಿದಳು. ಇಲಿಯ ನಾಲಿಗೆ ಬೆಳಿಗ್ಗೆ ಮುಲಾಮು ಸವರಿದ್ದ ಜಾಗ ಬಿಟ್ಟು ಅತ್ತಿತ್ತ ಹೋಗುತ್ತಿರಲಿಲ್ಲ. ಹೋದ ವರ್ಷ ಅವಳ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದ ಮೇಲೆ ಮೈಯ ಝಳ ತಗ್ಗಲೆಂದು ಡಾಕ್ಟರಮ್ಮ ಕೊಟ್ಟ ಮುಲಾಮು.

ಸೊಂಟದ ಚೀಲದಿಂದ ಟ್ಯೂಬು ತೆಗೆದಳು. ಓದು ಅಷ್ಟಕ್ಕಷ್ಟೆ. ಎಡಗಡೆ ಪಂಜರಕ್ಕೆ ಅಂಟಿಸಿದ್ದ ಮದ್ದಿನ ಹೆಸರಿನ ಚೀಟಿಯ ಪಕ್ಕ ಅದನ್ನು ಹಿಡಿದು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟಳು. ಕೊನೆಯ ಅಕ್ಷರದವರೆಗೂ ಒಂದೇ. ಇಲಿಯನ್ನು ಪಂಜರದಲ್ಲೇ ಬಿಟ್ಟು ಸಂಶೋಧಕಿಯ ಬಳಿಗೆ ಮರಳಿದಳು.

"ಇಲಿ ಎಲ್ಲಿ?" ಎಂದಳು ಸಂಶೋಧಕಿ.

ದೊಡ್ಡಮ್ಮ ಟ್ಯೂಬನ್ನು ತಕ್ಕಡಿಯ ಪಕ್ಕ ಇಟ್ಟಳು. "ನಿಮ್ಮ ಎಣ್ಣೇಲಿ ತಪ್ಪಿಲ್ಲ ತಾಯಿ. ನನ್ನ ಕೈಯಲ್ಲಿದೆ. ನೆಕ್ಕೋಕೆ ಬಿಡ್ತಿದ್ದೆ."

ಸಂಶೋಧಕಿ ಓದಿದಳು.

"ದಿನಾನೂ?"

"ದಿನಾನೂ."

"ಕೈ ತೊಳ್ಕೊಳ್ಳಿ. ಇನ್ಮೇಲೆ ಆ ಕೋಣೆಗೆ ಹೋಗ್ಬೇಡಿ."

ದೊಡ್ಡಮ್ಮ ಸೋಪು ಹಚ್ಚಿ ಮೊಣಕೈವರೆಗೂ ತೊಳೆದಳು. ಬಾಗಿಲ ಗಾಜಿನಾಚೆ, ಪಂಜರದಲ್ಲಿ, ಆ ಕೊನೆಯ ಇಲಿ ಅವಳತ್ತಲೇ ನೋಡುತ್ತಿತ್ತು. ಬಾಯಲ್ಲಿ ಅವಳದೇ ಒಂದು ಉದ್ದನೆಯ ನರೆಗೂದಲು. ತುಸು ಹೊತ್ತು ನಿಂತು, ತಿರುಗಿ, ಅದನ್ನು ಗೂಡಿನ ಅಂಚಿಗೆ ಸುತ್ತತೊಡಗಿತು.